ಎರೆನೆಲದ ಮೇಲಿನ ಸೇತುವೆಗಳು

ಕೆಲವು ವರ್ಷಗಳಿಂದೀಚೆಗೆ ವಿಜಯಪುರದ ಜನತೆಗೆ ಭೂಮಿಯ ನಡುಕವು ಅಪರಿಚಿತವಾಗಿ ಉಳಿದಿಲ್ಲ. 2021ರ ಸೆಪ್ಟೆಂಬರ ತಿಂಗಳ ಒಂದು ರಾತ್ರಿ ಜನರು ಗಾಬರಿಯಿಂದ ಮನೆಗಳನ್ನು ಬಿಟ್ಟು ಬೀದಿಗೆ ಬಂದರು. 2022ರ ಜುಲೈ 9ರ ಬೆಳಿಗ್ಗೆ ಇದೇ ಸೀಮೆಯಲ್ಲಿ ಹುಟ್ಟಿದ, 4ಕ್ಕೂ ಮೀರಿದ ಪ್ರಮಾಣದ ಕಂಪನವು ಬಾಗಲಕೋಟೆ, ಸೊಲ್ಲಾಪುರಗಳವರೆಗೂ ಅನುಭವಕ್ಕೆ ಬಂದಿತು. 2023ರ ಡಿಸೆಂಬರದಲ್ಲಿ ಮತ್ತೊಮ್ಮೆ ನೆಲವು ಮೆಲ್ಲನೆ ಅಲುಗಿತು. ಪ್ರತಿಸಲವೂ ಅಧಿಕಾರಿಗಳು ಹಳ್ಳಿಗಳಿಗೆ ಹೋಗಿ ಗೋಡೆಗಳ ಬಿರುಕನ್ನು ನೋಡಿದರು. ಜನರಿಗೆ ಧೈರ್ಯ ಹೇಳಿದರು. ಅಷ್ಟಕ್ಕೆ ಸಂಗತಿಯು ಮುಗಿಯಿತು. ಮನೆಗಳ ಗತಿಯೇನೆಂದು ಎಲ್ಲರೂ ಕೇಳಿದರು. ಸೇತುವೆಗಳ ಗತಿಯೇನೆಂಬ ಪ್ರಶ್ನೆಯು ಮಾತ್ರ ಎಲ್ಲಿಯೂ ಗಟ್ಟಿಯಾಗಿ ಕೇಳಿಬರಲಿಲ್ಲ. ಆ ಪ್ರಶ್ನೆಯನ್ನು ಇಂದು ನಾವು ಸರಕಾರದ ಮುಂದೆಯೂ ಮಹಾಜನರ ಮುಂದೆಯೂ ಇಡಬಯಸುತ್ತೇವೆ.

ವಾಚಕರನ್ನು ಅಂಜಿಸುವದು ನಮ್ಮ ಉದ್ದೇಶವಲ್ಲ. 4ರ ಆಸುಪಾಸಿನ ಪ್ರಮಾಣದ ಕಂಪನದಿಂದ ಸರಿಯಾಗಿ ಕಟ್ಟಿದ ಸೇತುವೆಗೆ ಅಪಾಯವುಂಟಾಗುವದು ತೀರ ವಿರಳ. ಆದರೆ ಪ್ರಮಾಣದ ಅಂಕವು ಒಂದು ಏರಿದರೆ ಬಿಡುಗಡೆಯಾಗುವ ಶಕ್ತಿಯು ಸುಮಾರು 32 ಪಟ್ಟು ಹೆಚ್ಚುವದೆಂಬದನ್ನು ಮರೆಯಲಾಗದು. 1993ರ ಸೆಪ್ಟೆಂಬರ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿಯನ್ನು ನೆಲಸಮಮಾಡಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಭೂಕಂಪದ ಪ್ರಮಾಣವು 6.2. ಕಿಲ್ಲಾರಿಯು ವಿಜಯಪುರದಿಂದ ನೇರ ಅಂತರದಲ್ಲಿ ಸುಮಾರು 160 ಕಿಲೋಮೀಟರು ಮಾತ್ರ. ಅದಕ್ಕೂ ಮೊದಲು, 1967ರ ಡಿಸೆಂಬರ 11ರಂದು, ಕೃಷ್ಣೆಯ ಉಪನದಿಯಾದ ಕೊಯ್ನೆಯ ದಂಡೆಯಲ್ಲಿ 6ಕ್ಕೂ ಮಿಕ್ಕಿದ ಪ್ರಮಾಣದ ಭೂಕಂಪವಾಗಿ ಅಲ್ಲಿಯ ಕಾಂಕ್ರೀಟು ಅಣೆಕಟ್ಟೇ ಬಿರುಕುಬಿಟ್ಟಿತ್ತು.

ಈ ಎರಡರಲ್ಲಿ ಕಿಲ್ಲಾರಿಯ ಪಾಠವು ಹೆಚ್ಚು ಕಹಿಯಾದದ್ದು. 1993ರಲ್ಲಿ ಆ ಪ್ರದೇಶವು ದೇಶದ ಭೂಕಂಪ ನಕಾಶೆಯಲ್ಲಿ ಎಲ್ಲಕ್ಕೂ ನಿರ್ಭಯವೆಂದು ಎಣಿಸಲ್ಪಟ್ಟ ಒಂದನೆಯ ವಲಯದಲ್ಲಿತ್ತು. ನೆಲವು ನಕಾಶೆಯನ್ನು ಓದಿ ನಡೆಯಲಿಲ್ಲ. 2002ರಲ್ಲಿ ಪರಿಷ್ಕೃತವಾದ ಭಾರತೀಯ ಸಂಹಿತೆಯಲ್ಲಿ ಆ ಒಂದನೆಯ ವಲಯವನ್ನೇ ತೆಗೆದುಹಾಕಲಾಯಿತು. ಬಿಜಾಪುರವು ಅದರಲ್ಲಿ ಮೂರನೆಯ, ಅಂದರೆ ಮಧ್ಯಮ ಅಪಾಯದ, ವಲಯಕ್ಕೆ ಸೇರಿತು. ದಖನ್ನಿನ ಗಟ್ಟಿ ಬಂಡೆಯ ಮೇಲೆ ಕುಳಿತವರಿಗೆ ಭೂಕಂಪದ ಚಿಂತೆಯಿಲ್ಲವೆಂಬ ಹಳೆಯ ನಂಬಿಕೆಗೆ ಇನ್ನು ಆಧಾರವಿಲ್ಲ.

ಇನ್ನು ಸೇತುವೆಗಳ ವಿಚಾರ. ವಿಜಯಪುರ ಜಿಲ್ಲೆಯ ಭೂಗೋಲವನ್ನು ಒಮ್ಮೆ ಕಣ್ಣೆದುರಿಗೆ ತಂದುಕೊಳ್ಳಬೇಕು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಸೊಲ್ಲಾಪುರದಿಂದ ಬರುವ ಹೆದ್ದಾರಿಯು ಧೂಳಖೇಡದ ಬಳಿ ಭೀಮೆಯನ್ನು ದಾಟಿ ಜಿಲ್ಲೆಯನ್ನು ಪ್ರವೇಶಿಸುತ್ತದೆ. ಹುಬ್ಬಳ್ಳಿಗೆ ಹೋಗುವಾಗ ಕೊಲ್ಹಾರದ ಬಳಿ ಆಲಮಟ್ಟಿಯ ಹಿನ್ನೀರಿನ ಮೇಲೆ ಸುಮಾರು 3 ಕಿಲೋಮೀಟರು ಉದ್ದದ ಸೇತುವೆಯನ್ನು ಹಾಯುತ್ತದೆ. ಬಬಲೇಶ್ವರದ ದಾರಿಯು ಸಾರವಾಡದ ಬಳಿ ಡೋಣಿಯನ್ನು ದಾಟಬೇಕು. ಡೋಣಿಗೆ ಮಹಾಪೂರ ಬಂದಾಗ ತಾಳಿಕೋಟೆಯ ಸುತ್ತಲಿನ ಹಳ್ಳಿಗಳ ಸಂಪರ್ಕವು ಹೇಗೆ ಕಡಿದುಹೋಗುವದೆಂಬದನ್ನು ಆ ಭಾಗದವರಿಗೆ ನಾವು ಹೇಳಬೇಕಾಗಿಲ್ಲ. ಮಹಾಪೂರವು ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಭೂಕಂಪದಿಂದ ಮುರಿದ ಸೇತುವೆಯು ವರ್ಷಗಟ್ಟಲೆ ಏಳುವದಿಲ್ಲ.

ಮನೆ ಬಿದ್ದಲ್ಲಿಗೆ ವೈದ್ಯರು, ಔಷಧ, ಅನ್ನ, ನೀರು ಹೋಗಿ ಮುಟ್ಟಬೇಕಾದದ್ದು ಸೇತುವೆಯ ಮೂಲಕ. 1876ರಿಂದ 1878ರವರೆಗಿನ ಘೋರ ಕ್ಷಾಮದಲ್ಲಿ ಈ ಸೀಮೆಯು ಎಷ್ಟು ಜನರನ್ನು ಕಳೆದುಕೊಂಡಿತೆಂಬದನ್ನು ಇತಿಹಾಸವು ಬಲ್ಲದು. ಹೊರಗಿನ ಕಾಳು ಒಳಗೆ ಬರಲು ದಾರಿಯಿಲ್ಲದ್ದೇ ಅಂದಿನ ಅನರ್ಥಕ್ಕೆ ಒಂದು ಕಾರಣ. ಆ ಬಳಿಕವೇ ಹೋಟಗಿ–ಗದಗ ರೈಲುಮಾರ್ಗವು ವಿಜಯಪುರವನ್ನು ಹಾದು ಭೀಮೆ ಕೃಷ್ಣೆಗಳನ್ನು ದಾಟಿತು. ಈ ನಾಡಿನಲ್ಲಿ ಸೇತುವೆಯೆಂದರೆ ಪ್ರಾಣರಕ್ಷಣೆಯ ಸಾಧನವೆಂಬದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಸೇತುವೆಯನ್ನು ನೋಡುವವರ ಕಣ್ಣಿಗೆ ಬೀಳುವದು ಅದರ ಕಂಬ, ತೊಲೆ, ಮೇಲಿನ ಹಾಸು. ಭೂಕಂಪದಲ್ಲಿ ಅದರ ನಡತೆಯನ್ನು ಬಹುಮಟ್ಟಿಗೆ ನಿರ್ಣಯಿಸುವದು ಕಣ್ಣಿಗೆ ಬೀಳದ ಮಣ್ಣು ಮತ್ತು ಆ ಮಣ್ಣಿನೊಳಗೆ ಹೂತಿರುವ ಅಡಿಪಾಯ. ಈ ಮಾತನ್ನು ಅರಿಯಲು ವಿಜಯಪುರದಷ್ಟು ಒಳ್ಳೆಯ ಊರು ಮತ್ತೊಂದಿಲ್ಲ. ಮಹಮ್ಮದ ಆದಿಲಶಾಹನ ಸಮಾಧಿಯಾದ ಗೋಳಗುಮ್ಮಟವು 1656ರಿಂದ ಇಂದಿನವರೆಗೂ ನಿಂತಿದೆ. ಹೊರಗಿನಿಂದ ಸುಮಾರು 44 ಮೀಟರು ವ್ಯಾಸವುಳ್ಳ ಆ ಗುಮ್ಮಟದ ಅಗಾಧ ಭಾರವು ಒಂದು ಕಡೆಗೂ ಕುಸಿಯದಿರುವದಕ್ಕೆ, ಅದರ ಪಾಯವನ್ನು ಬಂಡೆಗೇ ಮುಟ್ಟಿಸಿದ್ದು ಮುಖ್ಯ ಕಾರಣವೆಂದು ಬಲ್ಲವರು ಹೇಳುತ್ತಾರೆ. ಅಲ್ಲಿಂದ ಕೆಲವೇ ಹರದಾರಿ ಸರಿದು ಡೋಣಿಯ ಸಾಲಿಗೆ ಬಂದರೆ ನೆಲದ ಸ್ವರೂಪವೇ ಬೇರೆ. ಬಂಡೆಯ ಮೇಲೆ ಗರಸು, ಗರಸಿನ ಮೇಲೆ ಆಳವಾದ ಕರಿಯ ಎರೆಮಣ್ಣು. ಡೋಣಿ ಬೆಳೆದರೆ ನಾಡಿಗೆಲ್ಲ ಕಾಳೆಂದು ಜನರು ಆಡಿಕೊಳ್ಳುವದು ಈ ಮಣ್ಣಿನ ಪುಣ್ಯದಿಂದಲೇ. ಆದರೆ ಬಿಳಿಜೋಳಕ್ಕೆ ಒಳ್ಳೆಯದಾದ ನೆಲವು ಕಟ್ಟಡಕ್ಕೂ ಒಳ್ಳೆಯದಾಗಿರಬೇಕೆಂಬ ನಿಯಮವಿಲ್ಲ.

ಭೂಕಂಪದ ಅಲೆಯು ಗಟ್ಟಿ ಬಂಡೆಯಿಂದ ಮೆತ್ತಗಿನ ಮಣ್ಣಿಗೆ ಬರುವಾಗ ಅದರ ವೇಗವು ಕುಗ್ಗುತ್ತದೆ, ತೂಗಾಟವು ಹಿಗ್ಗುತ್ತದೆ. ಮಣ್ಣಿನ ಪದರಿಗೆ ತನ್ನದೇ ಆದ ಒಂದು ಲಯವುಂಟು. ಅದರ ಮೇಲೆ ನಿಂತ ಕಟ್ಟಡದ ಲಯವೂ ಅದೇ ಆಗಿದ್ದರೆ, ತೊಟ್ಟಿಲನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ಪ್ರತಿಯೊಂದು ಅಲೆಯೂ ತೂಗನ್ನು ಹೆಚ್ಚಿಸುತ್ತ ಹೋಗುತ್ತದೆ. 1985ರ ಸೆಪ್ಟೆಂಬರ 19ರಂದು ಮೆಕ್ಸಿಕೋ ನಗರದಲ್ಲಿ ನಡೆದದ್ದು ಇದೇ. ಭೂಕಂಪದ ಮೂಲವು 350 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದರೂ, ಹಳೆಯ ಕೆರೆಯ ಜೇಡಿಮಣ್ಣಿನ ಮೇಲೆ ಬೆಳೆದ ಆ ನಗರದ ಭಾಗವು ಧೂಳಿಪಟವಾಯಿತು. ಗಟ್ಟಿ ನೆಲದ ಮೇಲಿನ ಭಾಗವು ಬಹುಮಟ್ಟಿಗೆ ಉಳಿಯಿತು.

ಸೇತುವೆಗಳ ವಿಷಯದಲ್ಲಿ ಇದಕ್ಕಿಂತ ನೇರವಾದ ನಿದರ್ಶನವು ಅಮೇರಿಕೆಯದು. 1989ರ ಅಕ್ಟೋಬರ 17ರಂದು ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಸೈಪ್ರೆಸ್ ಎಂಬ ಎರಡಂತಸ್ತಿನ ಮೇಲ್ಸೇತುವೆಯು ಕುಸಿದು 42 ಜನರು ಮಡಿದರು. ಅದರ ಕಟ್ಟಡದಲ್ಲಿಯೂ ದೋಷಗಳಿದ್ದವು, ನಿಜ. ಆದರೆ ಒಂದೇ ಬಗೆಯಾಗಿ ಕಟ್ಟಿದ ಆ ಮೇಲ್ಸೇತುವೆಯಲ್ಲಿ, ಕೊಲ್ಲಿಯ ಮೆತ್ತಗಿನ ಕೆಸರಿನ ಮೇಲೆ ನಿಂತ ಭಾಗವು ಬಿದ್ದಿತು. ಗಟ್ಟಿ ನೆಲದ ಮೇಲೆ ನಿಂತ ಭಾಗವು ಉಳಿಯಿತು. ಅದೇ ಭೂಕಂಪದಲ್ಲಿ ವಾಟ್ಸನ್ವಿಲ್ ಹತ್ತಿರದ ಜವುಗು ನೆಲದ ಸೇತುವೆಯ ಕಂಬಗಳು ಮುರಿದು ಮೇಲಿನ ಹಾಸನ್ನೇ ತೂರಿಕೊಂಡು ಹೊರಬಂದವು.

ಹಾಗಾದರೆ ಮೆತ್ತಗಿನ ಮಣ್ಣನ್ನು ದಾಟಿ ಬಂಡೆಯವರೆಗೂ ಕಾಂಕ್ರೀಟಿನ ಇಲ್ಲವೆ ಉಕ್ಕಿನ ಉದ್ದ ಕಂಬಗಳನ್ನು ಇಳಿಸಿದರಾಯಿತಲ್ಲ ಎಂದು ವಾಚಕರು ಕೇಳಬಹುದು. ಎಂಜಿನಿಯರರು ಪೈಲುಗಳೆಂದು ಕರೆಯುವದು ಇವನ್ನೇ. ಸೇತುವೆಯ ಭಾರವನ್ನು ಹೊರಲು ಇದು ಉತ್ತಮ ಉಪಾಯವೆಂಬದರಲ್ಲಿ ಸಂಶಯವಿಲ್ಲ. ಆದರೆ ಭೂಕಂಪದ ವೇಳೆಗೆ ಪೈಲಿನ ಮೇಲೆ ಎರಡು ಕಡೆಯಿಂದ ಆಪತ್ತು ಬರುತ್ತದೆ. ಮೇಲೆ ತೂಗಾಡುವ ಹಾಸಿನ ಭಾರವು ಪೈಲಿನ ತಲೆಯನ್ನು ಅತ್ತಿತ್ತ ಎಳೆಯುತ್ತದೆ. ಸುತ್ತಲಿನ ಮಣ್ಣೇ ಚಲಿಸುವದರಿಂದ ಅದರ ಮೈಯೂ ಬಾಗುತ್ತದೆ. ಮೆತ್ತಗಿನ ಮಣ್ಣು ಮುಗಿದು ಗಟ್ಟಿ ಪದರು ಆರಂಭವಾಗುವಲ್ಲಿ, ಮೇಲಿನ ಮಣ್ಣು ಬಹಳ ಸರಿಯುತ್ತದೆ, ಕೆಳಗಿನದು ಸ್ವಲ್ಪವೇ ಸರಿಯುತ್ತದೆ. ಆ ಸಂದಿಯಲ್ಲಿ ಪೈಲು ಮುರಿಯುವ ಸಂಭವವುಂಟು. ಹೀಗೆ ನೆಲದೊಳಗೆ ಆದ ಗಾಯವು ಮೇಲಿನಿಂದ ನೋಡಿದವರಿಗೆ ಕಾಣುವದೂ ಇಲ್ಲ.

ನೀರುಂಡ ಸಡಿಲ ಮರಳಿನ ನೆಲವಾದರೆ ಸಂಕಟವು ಇನ್ನೂ ಹೆಚ್ಚು. ಭೂಮಿಯು ಅಲುಗಿದಾಗ ಮರಳಿನ ಕಣಗಳ ನಡುವಿನ ನೀರಿನ ಒತ್ತಡವು ಏರಿ, ಕಣಗಳು ಒಂದಕ್ಕೊಂದು ಆತುಕೊಳ್ಳುವದು ತಪ್ಪಿ, ನೆಲವು ಕೆಲಹೊತ್ತು ಅಂಬಲಿಯಂತಾಗುತ್ತದೆ. 1964ರ ಜೂನ 16ರಂದು ಜಪಾನಿನ ನೀಗಾತದಲ್ಲಿ ಹೀಗಾದಾಗ, ಸಿನಾನೋ ನದಿಯ ಮೇಲೆ ಒಂದು ತಿಂಗಳ ಹಿಂದಷ್ಟೇ ಮುಗಿದಿದ್ದ ಶೋವಾ ಸೇತುವೆಯ ಐದು ಕಣ್ಣುಗಳು ನೀರಿಗೆ ಬಿದ್ದವು. ಅದರ ಉಕ್ಕಿನ ಪೈಲುಗಳಿಗೆ ಸುತ್ತಲಿನ ಮರಳಿನ ಆಸರೆಯು ತಪ್ಪಿತ್ತು. ನೆಲದ ತೀವ್ರ ನಡುಕವು ಇಳಿದ ಬಳಿಕ ಸೇತುವೆಯು ಬಿದ್ದಿತೆಂದು ಕಂಡವರು ಹೇಳಿದ್ದಾರೆ. ಅದೇ ನದಿಯ ಮೇಲೆ 1929ರಲ್ಲಿ ಕಟ್ಟಿದ ಬಂದಾಯಿ ಎಂಬ ಕಮಾನಿನ ಸೇತುವೆಯು ನಿಂತೇ ಇದ್ದಿತು. ಹೊಸದೆಲ್ಲವೂ ಗಟ್ಟಿ, ಹಳೆಯದೆಲ್ಲವೂ ಶಿಥಿಲ ಎಂದು ವಯಸ್ಸನ್ನು ನೋಡಿ ತೀರ್ಪು ಕೊಡಲಾಗದು.

ಪರದೇಶದ ಮಾತು ನಮಗೇಕೆಂದು ಯಾರೂ ಅನ್ನಬಾರದು. 2001ರ ಜನವರಿ 26ರಂದು, ದೇಶವು ಗಣರಾಜ್ಯೋತ್ಸವದಲ್ಲಿದ್ದಾಗಲೇ, ಕಚ್ಛದಲ್ಲಿ ಭೂಕಂಪವಾಯಿತು. ಕಾಂಡಲಾ ಬಂದರಿನಲ್ಲಿ 32 ಪೈಲುಗಳ ಮೇಲೆ ಕಟ್ಟಿದ ಕಚೇರಿಯ ಗೋಪುರವು ಸಮುದ್ರದ ಕಡೆಗೆ ವಾಲಿತು. ಕೆಳಗಿನ ಮರಳು ನೀರಾದಾಗ ಅದರೊಳಗೇ ಮುಗಿದಿದ್ದ ಪೈಲುಗಳು ಅದನ್ನು ನೆಟ್ಟಗೆ ಹಿಡಿಯಲಾರದೆ ಹೋದವು. ಕಚ್ಛವನ್ನು ಸೌರಾಷ್ಟ್ರಕ್ಕೆ ಜೋಡಿಸುವ ಸೂರಜಬಾರಿ ಸೇತುವೆಯ ತೊಲೆಗಳು ಸ್ಥಾನ ಸರಿದು, ಅವುಗಳ ಕೆಳಗಿನ ಬೇರಿಂಗುಗಳು ಜಖಮಾದವು. ನೆರವಿನ ವಾಹನಗಳು ಧಾವಿಸಬೇಕಾದ ಗಳಿಗೆಯಲ್ಲಿಯೇ ಆ ದಾರಿಯು ಸಂದೇಹಕ್ಕೆ ಈಡಾಯಿತು.

ಇವುಗಳ ಬೆಳಕಿನಲ್ಲಿ ನಮ್ಮ ಸೀಮೆಯನ್ನು ನೋಡೋಣ. ಎರೆಮಣ್ಣು ಮರಳಿನಂತೆ ನೀರಾಗುವ ಜಾತಿಯದಲ್ಲ. ಅದಕ್ಕೆ ಬೇರೊಂದು ದುರ್ಗುಣವುಂಟು. ಅದು ಋತುವಿಗೆ ತಕ್ಕಂತೆ ಸ್ವಭಾವವನ್ನು ಬದಲಿಸುತ್ತದೆ. ಮಳೆಗಾಲದಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕೈ ಹಿಡಿಸುವಂಥ ಬಿರುಕುಗಳನ್ನು ಬಿಡುತ್ತದೆ. ಈ ಉಬ್ಬು–ಕುಗ್ಗಿನ ಆಟವು ಸುಮಾರು ಮೂರುವರೆ ಮೀಟರು ಆಳದವರೆಗೂ ನಡೆಯುತ್ತದೆಂದು ಎಣಿಸಿ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ನೆಲದ ಮನೆಗಳಿಗಾಗಿ ಬುಡದಲ್ಲಿ ಗಡ್ಡೆಯಂತೆ ಅಗಲವಾದ ಪೈಲುಗಳನ್ನು ಬಳಕೆಗೆ ತಂದರು. ನಮ್ಮ ದೇಶದ ಮಣ್ಣಿಗೆ ನಮ್ಮವರೇ ಕಂಡುಕೊಂಡ ಉಪಾಯವದು, ಅಭಿಮಾನಪಡತಕ್ಕದ್ದು. ಆದರೆ ಅದು ಮನೆಗಳ ಮಾತಾಯಿತು. ಸೇತುವೆಯ ಕಂಬಕ್ಕೆ ಬೀಳುವ ಅಡ್ಡಬಲವು ಅದರ ಹಲವು ಪಟ್ಟು ದೊಡ್ಡದು.

ಪೈಲಿಗೆ ಅಡ್ಡ ಆಸರೆಯನ್ನು ಹೆಚ್ಚಾಗಿ ಕೊಡುವದು ನೆಲದ ಮೇಲ್ಪದರು. ಆ ಮೇಲ್ಪದರೇ ಚೈತ್ರ ವೈಶಾಖಗಳಲ್ಲಿ ಬಿರಿದು ಪೈಲಿನಿಂದ ದೂರ ಸರಿದಿದ್ದರೆ, ಶ್ರಾವಣ ಭಾದ್ರಪದಗಳಲ್ಲಿ ಮೆದುವಾಗಿದ್ದರೆ, ಒಂದೇ ಸೇತುವೆಯು ಬೇಸಿಗೆಯಲ್ಲಿ ಒಂದು ರೀತಿಯಾಗಿಯೂ ಮಳೆಗಾಲದಲ್ಲಿ ಇನ್ನೊಂದು ರೀತಿಯಾಗಿಯೂ ಅಲುಗುವದು. ಮಣ್ಣು ಮೆತ್ತಗಿದ್ದಷ್ಟೂ ಸೇತುವೆಯ ತೂಗು ನಿಧಾನವಾಗುತ್ತದೆ. ಅದರಿಂದ ಕೆಲವು ವೇಳೆ ಕಂಬದ ಮೇಲಿನ ಬಲವು ತಗ್ಗುವದೂ ಉಂಟು. ಆದರೆ ಹಾಸಿನ ಸರಿದಾಟವು ಮಾತ್ರ ಹೆಚ್ಚುತ್ತದೆ. ತೊಲೆಯು ಕುಳಿತ ಪೀಠವು ಕಿರಿದಾಗಿದ್ದರೆ ತೊಲೆಯು ಜಾರಿ ಬೀಳುತ್ತದೆ. ಕಂಬವು ಬಂಡೆಯಲ್ಲಿ ಅಲುಗದಂತೆ ನೆಟ್ಟಿದೆಯೆಂದು ಭಾವಿಸಿ ಲೆಕ್ಕ ಮಾಡಿದವರಿಗೆ ಈ ಸರಿದಾಟವು ಕಾಗದದ ಮೇಲೆ ಕಾಣುವದೇ ಇಲ್ಲ.

ಭೀಮೆಯ ಮಾತು ಬೇರೆ. ಅದು ಮರಳಿನ ನದಿ. ಅದರ ಪಾತ್ರದಿಂದ ಕಾನೂನನ್ನು ಮೀರಿ ಮರಳನ್ನು ಸಾಗಿಸುವ ಪಿಡುಗು ಬಹುದಿನಗಳಿಂದ ನಡೆದಿದೆ. ಇದರಿಂದ ಸರಕಾರದ ಬೊಕ್ಕಸಕ್ಕೆ ಹಾನಿಯೆಂದು ಕೂಗುವವರು ಅನೇಕರಿದ್ದಾರೆ. ಸೇತುವೆಗಾಗುವ ಹಾನಿಯನ್ನು ಲೆಕ್ಕಿಸುವವರು ಕಡಿಮೆ. ಪಾತ್ರವು ತಗ್ಗಿದಂತೆ, ಮಣ್ಣಿನೊಳಗಿರಬೇಕಾದ ಅಡಿಪಾಯವು ಬರಿದಾಗಿ ನಿಲ್ಲುತ್ತದೆ. ಹೂತ ಭಾಗವು ಗಿಡ್ಡಾಗಿ, ತೆರೆದ ಭಾಗವು ಉದ್ದಾಗುತ್ತದೆ. ಉದ್ದ ಕೋಲು ಗಿಡ್ಡ ಕೋಲಿಗಿಂತ ಬೇಗ ಬಾಗುವದೆಂಬದು ದನಗಾಯುವ ಹುಡುಗನಿಗೂ ಗೊತ್ತು. ಕಟ್ಟಿದ ದಿನ ಎಂಜಿನಿಯರನು ಮಾಡಿದ ಲೆಕ್ಕವು ಎಷ್ಟೇ ಸರಿಯಾಗಿದ್ದರೂ, ಮರಳುಗಳ್ಳರು ರಾತ್ರಿಯಲ್ಲಿ ಅದನ್ನು ತಪ್ಪಾಗಿಸುತ್ತಾರೆ.

ಕೃಷ್ಣೆಯ ದಂಡೆಯಲ್ಲಿ ಮೂರನೆಯ ಪ್ರಶ್ನೆಯಿದೆ. ಆಲಮಟ್ಟಿಯ ಜಲಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣವು 2010ರ ತೀರ್ಪಿನಲ್ಲಿ ಒಪ್ಪಿಗೆಯಿತ್ತಿದೆ. ಬರಗಾಲದ ಈ ಸೀಮೆಗೆ ಆ ನೀರು ನ್ಯಾಯವಾಗಿ ಬರತಕ್ಕದ್ದು. ಅದನ್ನು ಪಡೆಯುವದರಲ್ಲಿ ಕನ್ನಡಿಗರು ಒಂದು ಹೆಜ್ಜೆಯೂ ಹಿಂದೆ ಸರಿಯಬಾರದೆಂಬದೇ ನಮ್ಮ ಅಭಿಪ್ರಾಯ. ಆದರೆ ನೀರು ಏರಿದಾಗ ಹಿನ್ನೀರಿನ ಸೇತುವೆಗಳ ಕಂಬಗಳು ಇನ್ನೂ ಆಳದ ನೀರಿನಲ್ಲಿ ನಿಲ್ಲುವವು. ಈವರೆಗೆ ಒಣಗಿದ್ದ ದಂಡೆಯ ಮಣ್ಣು ನೆನೆಯುವದು. ಕಂಬವು ಅಲುಗಿದರೆ ಸುತ್ತಲಿನ ನೀರಿನ ಭಾರವೂ ಅದರೊಂದಿಗೆ ತೂಗುವದು. ಮುಳುಗಡೆಯಾಗುವ ಊರುಗಳ ಲೆಕ್ಕವನ್ನು ತೆಗೆಯುವಾಗಲೇ ಸೇತುವೆಗಳ ಅಡಿಪಾಯದ ಲೆಕ್ಕವನ್ನೂ ಮತ್ತೊಮ್ಮೆ ತೆಗೆಯುವದು ವಿವೇಕ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ನಿಯಮಗಳು ಇದ್ದೇ ಇವೆ ಎಂಬದು ಮೊದಲನೆಯದು. ನಿಜ, ಸೇತುವೆಗಳ ಭೂಕಂಪ ನಿರೋಧಕ್ಕೆಂದೇ ಭಾರತೀಯ ಮಾನಕ ಸಂಹಿತೆಯ ಪ್ರತ್ಯೇಕ ಭಾಗವು 2014ರಲ್ಲಿಯೂ, ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯು 2018ರಲ್ಲಿಯೂ ಹೊರಬಂದಿವೆ. ಆದರೆ ಅವುಗಳಿಗಿಂತ ಮೊದಲು ಕಟ್ಟಿದ ಸೇತುವೆಗಳು ಅವನ್ನು ಓದಿಕೊಂಡು ಹುಟ್ಟಿದವುಗಳಲ್ಲ. ನಮ್ಮಲ್ಲಿ ಬಂಡೆಯು ಹತ್ತಿರದಲ್ಲಿಯೇ ಸಿಗುವದರಿಂದ ಭಯವಿಲ್ಲವೆಂಬದು ಎರಡನೆಯ ಆಕ್ಷೇಪ. ಹಲವು ಕಡೆಗಳಲ್ಲಿ ಇದು ನಿಜವಾಗಿರಬಹುದು. ನಿಜವಾಗಿದ್ದರೆ ನಮಗೂ ಸಂತೋಷವೇ. ಆದರೆ ಬಂಡೆಯ ಆಳವು ನದಿಯ ಅಡ್ಡಗಲಕ್ಕೂ ಒಂದೇ ಆಗಿರುವದಿಲ್ಲ. ಒಂದೇ ಸೇತುವೆಯ ಒಂದು ಕಂಬವು ಬಂಡೆಯ ಮೇಲೆ, ಮುಂದಿನದು ಆಳವಾದ ಮಣ್ಣಿನಲ್ಲಿ ನಿಂತಿದ್ದರೆ, ಎರಡೂ ಬೇರೆ ಬೇರೆಯಾಗಿ ಅಲುಗಿ ನಡುವಿನ ತೊಲೆಯನ್ನು ಜಗ್ಗಾಡುವವು. ಆದ್ದರಿಂದ ಊಹೆಯನ್ನು ಬಿಟ್ಟು ಪರೀಕ್ಷೆಯನ್ನು ಹಿಡಿಯಬೇಕು.

ನಾವು ಸೂಚಿಸುವ ಉಪಾಯಗಳು ದುಬಾರಿಯಾದವುಗಳಲ್ಲ. ಮೊದಲನೆಯದಾಗಿ, ಭೀಮೆ, ಡೋಣಿ, ಕೃಷ್ಣೆಗಳ ಮೇಲಿನ ಪ್ರತಿಯೊಂದು ಮುಖ್ಯ ಸೇತುವೆಯ ಕಂಬಗಳು ಬಂಡೆಯ ಮೇಲೆ ನಿಂತಿವೆಯೋ ಪೈಲುಗಳ ಮೇಲೆ ನಿಂತಿವೆಯೋ, ಅವುಗಳ ಕೆಳಗಿನ ಮಣ್ಣಿನ ಪದರುಗಳೇನು ಎಂಬ ವಿವರವನ್ನು ಲೋಕೋಪಯೋಗಿ ಇಲಾಖೆಯೂ ಹೆದ್ದಾರಿಯ ಅಧಿಕಾರಿಗಳೂ ಕನ್ನಡದಲ್ಲಿ ಪ್ರಕಟಿಸಬೇಕು. ಎರಡನೆಯದಾಗಿ, ವಿವರವಿಲ್ಲದ ಹಳೆಯ ಸೇತುವೆಗಳ ಬಳಿ ಹೊಸದಾಗಿ ಕೊರೆದು, ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ, ಮಣ್ಣನ್ನು ಪರೀಕ್ಷಿಸಬೇಕು. ಮೂರನೆಯದಾಗಿ, ತೊಲೆಯ ಪೀಠವು ಕಿರಿದಾದಲ್ಲಿ ಅದನ್ನು ಅಗಲಿಸಿ, ತೊಲೆಯು ಜಾರದಂತೆ ತಡೆಗಳನ್ನು ಹಾಕಬೇಕು. ಇಡೀ ಸೇತುವೆಯನ್ನು ಕಟ್ಟುವ ವೆಚ್ಚಕ್ಕೆ ಹೋಲಿಸಿದರೆ ಇದು ಅಲ್ಪ. ನಾಲ್ಕನೆಯದಾಗಿ, ಸೇತುವೆಗಳ ಇಕ್ಕೆಲದಲ್ಲಿಯೂ ಮರಳು ಎತ್ತುವದನ್ನು ನಿರ್ದಾಕ್ಷಿಣ್ಯವಾಗಿ ನಿಲ್ಲಿಸಿ, ವರ್ಷಕ್ಕೊಮ್ಮೆ ನದಿಯ ಪಾತ್ರದ ಮಟ್ಟವನ್ನು ಅಳೆಯಬೇಕು.

ಈ ಕೆಲಸಕ್ಕೆ ದೂರದ ಪಂಡಿತರನ್ನೇ ಕಾಯಬೇಕಾಗಿಲ್ಲ. ವಚನಗಳ ಓಲೆಗಳನ್ನು ಮನೆಮನೆಯಿಂದ ಹುಡುಕಿ ತಂದು ನಾಡಿಗೆ ಉಳಿಸಿಕೊಟ್ಟ ಡಾಕ್ಟರ ಫ. ಗು. ಹಳಕಟ್ಟಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ವಿಜಯಪುರದಲ್ಲಿಯೇ ಇದೆ. ಅಲ್ಲಿಯ ಅಧ್ಯಾಪಕರೂ ವಿದ್ಯಾರ್ಥಿಗಳೂ ತಿಕೋಟಾ, ಬಬಲೇಶ್ವರಗಳ ಎರೆಯನ್ನು ಕೊರೆದು, ಅಳೆದು, ಪಟ್ಟಿ ಮಾಡಿದರೆ, ಅದೂ ಅಷ್ಟೇ ಬೆಲೆಯುಳ್ಳ ನಾಡಸೇವೆಯಾದೀತು. ಸರಕಾರವು ಅವರಿಗೆ ಬೇಕಾದ ಧನವನ್ನೂ ದಾಖಲೆಗಳನ್ನೂ ಒದಗಿಸಬೇಕು.

ಪರಕೀಯರ ಆಳಿಕೆಯಲ್ಲಿ ಸೇತುವೆ ಕುಸಿದರೆ ಪರಕೀಯರನ್ನು ದೂರಬಹುದಿತ್ತು. ಸ್ವರಾಜ್ಯದಲ್ಲಿ ಆ ಸೌಲಭ್ಯವಿಲ್ಲ. ಸೇತುವೆಯೂ ನಮ್ಮದು, ಮಣ್ಣೂ ನಮ್ಮದು, ಅದರ ಮೇಲೆ ದಾಟುವ ಜನರೂ ನಮ್ಮವರು. ಮುಂದಿನ ಕಂಪನವು ಯಾವ ದಿನ ಬರುವದೆಂದು ಹೇಳಬಲ್ಲ ಶಾಸ್ತ್ರವು ಇನ್ನೂ ಹುಟ್ಟಿಲ್ಲ. ಆದರೆ ಅದು ಬಂದಾಗ ಯಾವ ಕಂಬವು ಯಾವ ಮಣ್ಣಿನಲ್ಲಿ ನಿಂತಿರುವದೆಂಬದನ್ನು ಇಂದೇ ತಿಳಿಯಬಹುದು. ಬರುವ ಬೇಸಿಗೆಯಲ್ಲಿ ಡೋಣಿಯ ನೆಲ ಬಿರಿಯುವಷ್ಟರೊಳಗಾಗಿ ಪರೀಕ್ಷೆಯ ಕೆಲಸವು ಆರಂಭವಾಗಲೆಂದು ನಾವು ಸರಕಾರವನ್ನು ಆಗ್ರಹಪೂರ್ವಕವಾಗಿ ಕೇಳಿಕೊಳ್ಳುತ್ತೇವೆ.